ಅಕ್ಷರದಲ್ಲೇ ಮುಖ: ಮಾಡಿಸೋ ಮೊದಲು ಒತ್ತಕ್ಷರ ನೋಡ್ಕೊಳ್ಳಿ

ದಾಸನಕೊಪ್ಪ: ದೂರದಿಂದ ನೋಡಿದರೆ ಅಜ್ಜನ ಮುಖ. ಹತ್ತಿರ ಹೋದರೆ ಬರೀ ಅಕ್ಷರ. ಫೋಟೊ ಮತ್ತು ಅಕ್ಷರ ಸೇರಿಸಿ ಮಾಡುವ ಇಂಥ ಭಾವಚಿತ್ರ ನಿವೃತ್ತಿಗೆ, ಮದುವೆಗೆ, ತೀರಿಕೊಂಡವರ ನೆನಪಿಗೆ ಚೆನ್ನಾಗಿರುತ್ತದೆ. ಆದರೆ ಇಂಗ್ಲಿಷಿನಲ್ಲಿ ಸಲೀಸಾಗಿ ಬರೋ ಈ ಕೆಲಸ ಕನ್ನಡದಲ್ಲಿ ಒತ್ತಕ್ಷರದ ಹತ್ರ ಕೆಡುತ್ತದೆ. ಹೋದವರ ಹೆಸರೇ ತಪ್ಪಾಗಿ ಗೋಡೆ ಮೇಲೆ ಕೂತರೆ ಮನೆಯವರಿಗೆ ಆಗೋ ಬೇಜಾರು ಸಣ್ಣದಲ್ಲ.

ಫೋಟೊ ಹೇಗಿರಬೇಕು?
ಕಿಟಕಿ ಪಕ್ಕ ಕೂತು, ಒಂದು ಕಡೆಯಿಂದ ಬೆಳಕು ಬಿದ್ದ ಫೋಟೊ ಒಳ್ಳೇದು. ಎದುರಿಂದ ಫ್ಲ್ಯಾಶ್ ಹೊಡೆದರೆ ನೆರಳೇ ಇರಲ್ಲ, ಮೂಗು ಕೆನ್ನೆ ಎಲ್ಲಾ ಒಂದಾಗುತ್ತೆ. ಎ4 ಅಳತೆಗೆ 300 ಡಿಪಿಐ ಲೆಕ್ಕದಲ್ಲಿ ಅಗಲ 2480, ಉದ್ದ 3508 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಪಿಕ್ಸೆಲ್ ಕಡಿಮೆ ಆಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ. ಹಳೇ ಫೋಟೊ ಆದ್ರೆ ಫ್ರೇಮಿನಿಂದ ತೆಗೆದು ಸ್ಕ್ಯಾನ್ ಮಾಡಿಸಿ. ಗಾಜಿನ ಮೇಲಿಂದ ಮೊಬೈಲಲ್ಲಿ ತೆಗೆಯಬೇಡಿ.

ಮುಖ ಅಕ್ಷರ ಆಗೋದು ಹೇಗೆ?
ಮೊದಲು ಫೋಟೊವನ್ನು ಕಪ್ಪು-ಬಿಳುಪು ಮಾಡಿ ನೆರಳು ಗಾಢ ಮಾಡುತ್ತಾರೆ. ಆಮೇಲೆ ಹೆಸರು, ಊರು, ಅವರು ಆಡುತ್ತಿದ್ದ ಮಾತು ಹೀಗೆ ಹಾಳೆ ತುಂಬ ಟೈಪ್ ಮಾಡಿ, ಅದರ ಮೇಲೆ ಫೋಟೊ ಇಟ್ಟು ಕ್ಲಿಪ್ಪಿಂಗ್ ಮಾಸ್ಕ್ ಹಾಕುತ್ತಾರೆ. ಅಕ್ಷರಗಳೇ ಕಿಟಕಿ, ಅದರೊಳಗಿಂದ ಮುಖ ಕಾಣುತ್ತೆ. ಕೂದಲಿಗೆ ದಪ್ಪ ಅಕ್ಷರ ನಡೆಯುತ್ತೆ. ಕಣ್ಣು, ತುಟಿಗೆ ಸಣ್ಣ ಅಕ್ಷರವೇ ಬೇಕು.

ಒತ್ತಕ್ಷರದ ತೊಂದರೆ
ಕನ್ನಡದ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಅದಕ್ಕೆ ಜಾಗ ಬಿಟ್ಟರೆ ಮುಖದ ಮೇಲೆ ಬಿಳಿ ಪಟ್ಟಿ ಬೀಳುತ್ತೆ. ಸಾಲಿನ ಅಂತರ ಕಡಿಮೆ ಮಾಡಿ, ಖಾಲಿ ಉಳಿದ ಕಡೆ ಇನ್ನೊಂದು ಪದರ ಅಕ್ಷರ ತುಂಬಿದರೆ ಸರಿಹೋಗುತ್ತದೆ.

ಇನ್ನೊಂದು ತೊಂದರೆ ಸಾಫ್ಟ್‌ವೇರಿನದು. ಮೊಬೈಲಲ್ಲಿ ನಾವು ಟೈಪ್ ಮಾಡೋದು ಯೂನಿಕೋಡ್. ಹಳೇ ನುಡಿ ಫಾಂಟಿನ ಲೆಕ್ಕವೇ ಬೇರೆ, ಕನ್ವರ್ಟ್ ಮಾಡದೆ ಹಾಕಿದರೆ ಕೂರಲ್ಲ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಯೂನಿಕೋಡ್ ಫಾಂಟುಗಳು, ಉಚಿತವಾಗಿ ಸಿಗುತ್ತವೆ. ಆದರೆ ಹಳೇ ಆವೃತ್ತಿಯ ಫೋಟೊಶಾಪ್ ಆದ್ರೆ ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇರಬೇಕು. ಇಲ್ಲದಿದ್ದರೆ ಒತ್ತು ಬಿಡಿಸಿಕೊಂಡು ‘ಕೊಪ್ಪ’ ಹೋಗಿ ‘ಕೊಪ್‌ಪ’ ಆಗುತ್ತೆ. ನಮ್ಮೂರ ಹೆಸರೇ ಕೆಡುತ್ತೆ ನೋಡ್ರಿ.

ಪ್ರಿಂಟಿಗೆ ಕೊಡೋ ಮೊದಲು
ಅಂಗಡಿಯವರು ಪ್ರೆಸ್ಸಿಗೆ ಕಳಿಸುವಾಗ ಅಕ್ಷರವನ್ನು ಔಟ್‌ಲೈನ್ ಮಾಡಿ, ಇಲ್ಲವೇ ಪಿಡಿಎಫ್ ಮಾಡಿ ಕಳಿಸಿದರೆ ಅಲ್ಲಿನ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗಲ್ಲ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಲ್ಲೇ ನಿಷೇಧ ಬಂದಿದೆ, ಹಾಗಾಗಿ ಫೋಟೊ ಪೇಪರ್ ಅಥವಾ ಬಟ್ಟೆ ಮೇಲೆ ಮಾಡಿಸಿ.

ಮಾಡಿಸುವವರು ಹೆಸರನ್ನು ಬಾಯಲ್ಲಿ ಹೇಳಬೇಡಿ, ಚೀಟಿಯಲ್ಲಿ ಬರೆದು ಕೊಡಿ. ‘ಶ್ರದ್ಧಾಂಜಲಿ’ಯಲ್ಲಿ ದಕಾರಕ್ಕೆ ಧಕಾರದ ಒತ್ತು. ಎಷ್ಟೋ ಬ್ಯಾನರಿನಲ್ಲಿ ಇದೇ ತಪ್ಪಿರುತ್ತೆ. ಮೊದಲು ಸಾದಾ ಹಾಳೆ ಮೇಲೆ ಒಂದು ಪ್ರತಿ ತೆಗೆಸಿ, ಮನೆಯಲ್ಲಿ ಇಬ್ಬರು ಓದಿ, ಆಮೇಲೆ ಹೂಂ ಅನ್ನಿ.