ಮಿದುಳಿನಲ್ಲೊಂದು ಕಲೆ, ಕೈಯಲ್ಲೊಂದು ಜೋಮು

ಕರಿಹಲಗೆಯ ಮೇಲೆ ಸಮೀಕರಣವೊಂದನ್ನು ಬರೆಯುತ್ತಿದ್ದಾಗ ನನ್ನ ಬಲಗೈಯಿಂದ ಸೀಮೆಸುಣ್ಣ ಜಾರಿ ಬಿತ್ತು. ಬೆರಳುಗಳಿಗೆ ಜೋಮು ಹಿಡಿದಿತ್ತು. ಹತ್ತು ನಿಮಿಷಗಳಲ್ಲಿ ಸರಿಹೋಯಿತು. ಒಂದೇ ತಿಂಗಳಲ್ಲಿ ಮೂರು ಸಲ ಹೀಗಾದಾಗ ನರರೋಗ ತಜ್ಞರು ಮಿದುಳಿನ ಎಂಆರ್‌ಐ ಮಾಡಿಸಿದರು. ಮಿದುಳಿನ ಬಲ ಅರ್ಧಗೋಳದಲ್ಲಿ 8 ಮಿಲಿಮೀಟರ್ ಗಾತ್ರದ ಕ್ಯಾವರ್ನೋಮಾ ಇದೆ ಎಂದು ವರದಿ ಬಂತು. ಅಂತೂ ಕಾರಣ ಸಿಕ್ಕಿತು ಎಂದರು ಮನೆಯವರು. ನಿಜವಾಗಿ ಸಿಕ್ಕಿತ್ತೆ?

ಕ್ಯಾವರ್ನೋಮಾ ಎಂದರೇನು?

ಅಪಧಮನಿಗಳಲ್ಲಿ ಬರುವ ರಕ್ತವು ಅತಿ ಸಣ್ಣ ಲೋಮನಾಳಗಳನ್ನು ಹಾದು ಅಭಿಧಮನಿಗಳನ್ನು ಸೇರುತ್ತದೆ. ಕ್ಯಾವರ್ನೋಮಾದಲ್ಲಿ ಈ ಸಣ್ಣ ನಾಳಗಳು ಹಿಗ್ಗಿ, ಹಿಪ್ಪುನೇರಳೆ ಹಣ್ಣಿನಂತೆ ಗೊಂಚಲಾಗಿರುತ್ತವೆ. ಇವುಗಳ ಗೋಡೆ ಬಹಳ ತೆಳು; ಅದರಲ್ಲಿ ಸ್ನಾಯುಪದರವಿಲ್ಲ. ಒಳಗಿನ ಒತ್ತಡ ಕಡಿಮೆ, ರಕ್ತದ ಹರಿವು ತೀರ ನಿಧಾನ. ಹೀಗಾಗಿ ರಕ್ತನಾಳಗಳ ಎಕ್ಸ್-ಕಿರಣ ಚಿತ್ರವಾದ ಆಂಜಿಯೋಗ್ರಾಮ್‌ನಲ್ಲಿ ಇದು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಸುಮಾರು 200 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಹೆಚ್ಚಿನವರಿಗೆ ಅದರ ಅರಿವೇ ಇರುವುದಿಲ್ಲ. ಕೆಲವರಲ್ಲಿ ಮಾತ್ರ ಇದು ಅಪಸ್ಮಾರ, ರಕ್ತಸ್ರಾವ ಅಥವಾ ಕೈಕಾಲುಗಳ ನಿಶ್ಶಕ್ತಿಗೆ ಕಾರಣವಾಗುತ್ತದೆ.

ಎಂಆರ್‌ಐ ಇದನ್ನು ಹೇಗೆ ಕಾಣುತ್ತದೆ?

ಇಲ್ಲಿ ನೆರವಾಗುವುದು ಕಬ್ಬಿಣ. ತೆಳು ಗೋಡೆಯಿಂದ ಆಗಾಗ ತುಸು ರಕ್ತ ಜಿನುಗುತ್ತದೆ. ಅದರ ಹೀಮೋಗ್ಲೋಬಿನ್ ಒಡೆದು, ಕಬ್ಬಿಣವು ಹೀಮೋಸಿಡರಿನ್ ಎಂಬ ರೂಪದಲ್ಲಿ ಸುತ್ತಲೂ ಉಳಿಯುತ್ತದೆ. ಕಾಂತಕ್ಷೇತ್ರದಲ್ಲಿಟ್ಟರೆ ಹೀಮೋಸಿಡರಿನ್ ತಾನೂ ಕಾಂತತ್ವ ಪಡೆಯುತ್ತದೆ.

1.5 ಟೆಸ್ಲಾ ಕ್ಷೇತ್ರದಲ್ಲಿ ನೀರಿನ ಪ್ರೋಟಾನುಗಳು ಸೆಕೆಂಡಿಗೆ ಸುಮಾರು 6.4 ಕೋಟಿ ಸಲ ಬುಗುರಿಯಂತೆ ಓಲಾಡುತ್ತವೆ. ಎಲ್ಲವೂ ಒಂದೇ ಲಯದಲ್ಲಿದ್ದರೆ ಸಂಕೇತ ಬಲವಾಗಿರುತ್ತದೆ. ಕಬ್ಬಿಣದ ಬಳಿ ಕ್ಷೇತ್ರ ಏರುಪೇರಾಗಿ ಪ್ರೋಟಾನುಗಳ ಲಯ ತಪ್ಪುತ್ತದೆ, ಸಂಕೇತ ಕುಗ್ಗುತ್ತದೆ, ಚಿತ್ರದಲ್ಲಿ ಅಲ್ಲಿ ಕಪ್ಪು ಕಾಣುತ್ತದೆ. ಕಬ್ಬಿಣದ ಪ್ರಭಾವ ಅದಿರುವ ಜಾಗದ ಆಚೆಗೂ ಹಬ್ಬುವುದರಿಂದ, ಇದನ್ನು ಗುರುತಿಸಲೆಂದೇ ತೆಗೆಯುವ ಚಿತ್ರಗಳಲ್ಲಿ ಕಲೆ ನಿಜಕ್ಕಿಂತ ದೊಡ್ಡದಾಗಿ ತೋರುತ್ತದೆ. ರೋಗಿಗಳು ಇದನ್ನು ತಿಳಿದಿದ್ದರೆ ಅನಗತ್ಯ ಭಯ ತುಸು ಕಡಿಮೆಯಾದೀತು.

ಸ್ಥಳವೂ ಕಾಲವೂ ಹೊಂದಬೇಕು

ಬಲಗೈಯ ಸ್ಪರ್ಶ ಮತ್ತು ಚಲನೆಯನ್ನು ನೋಡಿಕೊಳ್ಳುವುದು ಮಿದುಳಿನ ಎಡ ಅರ್ಧಗೋಳ. ನನ್ನ ಕ್ಯಾವರ್ನೋಮಾ ಇದ್ದದ್ದು ಬಲದಲ್ಲಿ. ಹೊಸ ರಕ್ತಸ್ರಾವದ ಗುರುತೂ ಇರಲಿಲ್ಲ. ಎಂದರೆ ಸ್ಥಳ ಹೊಂದುವುದಿಲ್ಲ, ಕಾಲವೂ ಹೊಂದುವುದಿಲ್ಲ. ಮಿದುಳಿನ ವಿದ್ಯುತ್ ಲೇಖ, ಕೈ ನರಗಳ ಪರೀಕ್ಷೆ ಎರಡೂ ಸಹಜವಾಗಿದ್ದವು. ಕಲೆಯೂ ನಿಜ, ಜೋಮೂ ನಿಜ. ಒಂದು ಇನ್ನೊಂದಕ್ಕೆ ಕಾರಣ ಎನ್ನಲು ಆಧಾರವಿಲ್ಲ ಎಂದರು ವೈದ್ಯರು. ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಕಾರ್ಯಕಾರಣ ಸಂಬಂಧ ಕಟ್ಟಬಾರದೆಂದು ತರಗತಿಯಲ್ಲಿ ನಾನೇ ಎಷ್ಟೋ ಬಾರಿ ಹೇಳಿದ್ದೆ. ನನ್ನ ತಲೆಯ ವಿಷಯದಲ್ಲಿ ಅದನ್ನು ಒಪ್ಪಿಕೊಳ್ಳಲು ತಿಂಗಳುಗಳೇ ಹಿಡಿದವು.

ಹಾಗಾದರೆ ಶಸ್ತ್ರಚಿಕಿತ್ಸೆ? 1,620 ರೋಗಿಗಳ ಮಾಹಿತಿಯನ್ನು ಒಗ್ಗೂಡಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಕ್ಯಾವರ್ನೋಮಾ ಮಿದುಳ ಕಾಂಡದಲ್ಲಿರದೆ, ಮೊದಲು ರಕ್ತಸ್ರಾವವಾಗಲಿ ಅದರಿಂದಾದ ನರದೌರ್ಬಲ್ಯವಾಗಲಿ ಇಲ್ಲದವರಲ್ಲಿ ಮುಂದಿನ 5 ವರ್ಷಗಳ ರಕ್ತಸ್ರಾವದ ಸಂಭವ ಶೇಕಡ 3.8. ಎಂದರೆ 100 ಜನರಲ್ಲಿ ಸುಮಾರು 96 ಜನರಿಗೆ ಆ ಅವಧಿಯಲ್ಲಿ ರಕ್ತಸ್ರಾವ ಆಗದು. ಮೊದಲೇ ರಕ್ತಸ್ರಾವವಾಗಿದ್ದರೆ ಸಂಭವ ಹೆಚ್ಚು. ಶಸ್ತ್ರಚಿಕಿತ್ಸೆಗೂ ತನ್ನದೇ ಅಪಾಯಗಳಿವೆ. ನನಗೆ ಸಿಕ್ಕ ಸಲಹೆ: ಕಾಯುವುದು, ಗಮನಿಸುವುದು.

ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಜೋಮು ಬಂದ ದಿನ, ಹೊತ್ತು, ಅವಧಿ, ಹಿಂದಿನ ರಾತ್ರಿಯ ನಿದ್ರೆ ಇಷ್ಟನ್ನು ಬರೆಯುತ್ತೇನೆ. ಹಠಾತ್ತನೆ ತೀವ್ರ ತಲೆನೋವು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಮೊದಲ ಬಾರಿಗೆ ಅಪಸ್ಮಾರ ಕಂಡರೆ ನೋಟ್‌ಬುಕ್ಕಿಗೆ ಕೈಹಾಕದೆ ತಕ್ಷಣ ಆಸ್ಪತ್ರೆಗೆ ಹೋಗಬೇಕೆಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ.

ಶಿಕ್ಷಕರಲ್ಲಿ ಒಂದು ಮಾತು. ಕೈ ಜೋಮು, ತಲೆಸುತ್ತು ಎನ್ನುವ ವಿದ್ಯಾರ್ಥಿಯ ಪರೀಕ್ಷೆಗಳೆಲ್ಲ ಸಹಜವೆಂದು ಬಂದರೆ, ಅವನು ನಟಿಸುತ್ತಿದ್ದಾನೆ ಎನ್ನಬೇಡಿ. ರಚನೆ ಸರಿಯಿದ್ದೂ ಕಾರ್ಯ ತಪ್ಪಬಹುದು. ಉಪಕರಣಕ್ಕೆ ಸಿಗದ್ದೂ ಇರಬಹುದು. ಕಾರಣ ತಿಳಿದಿಲ್ಲವೆಂದರೆ ಕಾರಣವಿಲ್ಲವೆಂದಲ್ಲ.