ಕೊರಳಿನಿಂದ ಉಸಿರು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಸೋದರಮಾವನವರ ಕೊರಳಿನ ಮುಂಭಾಗದಲ್ಲಿ ರಂಧ್ರ ಮಾಡಿ, ಶ್ವಾಸನಾಳಕ್ಕೆ ಒಂದು ನಳಿಗೆಯನ್ನು ಕೂರಿಸಿದರು. ವೈದ್ಯರು ಇದನ್ನು ‘ಟ್ರೇಕಿಯಾಸ್ಟಮಿ’ ಎನ್ನುತ್ತಾರೆ. ಗಂಟಲು ಊತದಿಂದಲೋ ಗಡ್ಡೆಯಿಂದಲೋ ಮುಚ್ಚಿಹೋದಾಗ, ಅಥವಾ ರೋಗಿಗೆ ಬಹುದಿನ ಯಂತ್ರದಿಂದ ಉಸಿರು ಕೊಡಬೇಕಾದಾಗ ಹೀಗೆ ಮಾಡುವರು. ನೋಡಲು ಬಂದವರೆಲ್ಲ ಮಾವನವರ ಮಾತು ಹೋಯಿತೆಂದು ಮರುಗಿದರು. ಮೂಗು ಹೋದುದನ್ನು ಯಾರೂ ಗಮನಿಸಲಿಲ್ಲ!

ಮೂಗೆಂಬುದು ಬರಿಯ ಗಾಳಿಯ ದಾರಿಯಲ್ಲ. ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳನ್ನು ತಡೆದು ಒಳಗೆ ಬಿಡುವುದು ಅದರ ಕೆಲಸ. ನಳಿಗೆಯಿಂದ ಉಸಿರಾಡುವವರಿಗೆ ಒಣಗಾಳಿ ನೇರವಾಗಿ ಒಳನುಗ್ಗುತ್ತದೆ. ಕಫ ಗೋಂದಿನಂತೆ ಗಟ್ಟಿಯಾಗುತ್ತದೆ. ನಳಿಗೆ ಪೂರ್ತಿ ಕಟ್ಟಿಕೊಂಡರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೇ ಅಪಾಯ. ಆದುದರಿಂದ ಗಾಳಿಗೆ ತೇವ ಕೊಡುವ ಸಾಧನವನ್ನು ವೈದ್ಯರು ಹೇಳಿದಂತೆ ಬಳಸುತ್ತಿರಬೇಕು. ಸ್ನಾನದ ನೀರು ಮಾತ್ರ ನಳಿಗೆಯೊಳಕ್ಕೆ ಹೋಗಕೂಡದು.

ಅನೇಕ ನಳಿಗೆಗಳು ಒಂದರೊಳಗೊಂದು ಸೇರುವ ಜೋಡಿಯಾಗಿರುತ್ತವೆ. ಒಳಗಿನದನ್ನು ತೆಗೆದು ತೊಳೆದು ಮತ್ತೆ ಹಾಕಬಹುದು. ಉಸಿರು ಸಿಳ್ಳಿನಂತೆ ಕೇಳಿಸಿದರೆ, ತುಟಿ ನೀಲಿಗಟ್ಟಿದರೆ, ಸಹಾಯಕ್ಕೆ ಕೂಗುತ್ತಲೇ ಮೊದಲು ಒಳನಳಿಗೆಯನ್ನು ಹೊರಕ್ಕೆ ತೆಗೆಯಬೇಕು. ಕಫ ಹೀರುವ ಸಣ್ಣ ಕೊಳವೆಯನ್ನು ಇಳಿಸುವಾಗ ಹೀರಬಾರದು. ಹೊರತೆಗೆಯುವಾಗ ಮಾತ್ರ, ಅದೂ ಹತ್ತು ಹದಿನೈದು ಸೆಕೆಂಡಿನೊಳಗೆ. ಏಕೆಂದರೆ ಕಫದೊಡನೆ ನಾವು ರೋಗಿಯ ಗಾಳಿಯನ್ನೂ ಎಳೆದುಕೊಳ್ಳುತ್ತೇವೆ. “ನೀನೂ ಉಸಿರು ಬಿಗಿಹಿಡಿಯಪ್ಪ, ನಿನಗೆ ಕಷ್ಟವಾದಾಗ ಅವರಿಗೂ ಕಷ್ಟ” ಎಂದರು ನನಗೆ ಕಲಿಸಿದ ದಾದಿ. ಇದಕ್ಕಿಂತ ಒಳ್ಳೆಯ ಗಡಿಯಾರವಿಲ್ಲ.

ಈ ಶುಶ್ರೂಷೆ ನಮ್ಮಂಥ ವಿದ್ಯಾರ್ಥಿಗಳ ಕೈಯಲ್ಲಾಗುವುದೇ ಎಂದು ಸಂದೇಹಪಡುವವರು 1952ರ ಕೋಪನ್‌ಹೇಗನ್ ನಗರವನ್ನು ನೆನೆಯಬೇಕು. ಪೋಲಿಯೋ ಪಿಡುಗಿನಿಂದ ಉಸಿರಾಟದ ಸ್ನಾಯುಗಳೇ ಸೋತ ರೋಗಿಗಳು ಆಸ್ಪತ್ರೆಯಲ್ಲಿ ತುಂಬಿದ್ದರು, ಯಂತ್ರಗಳು ಬೆರಳೆಣಿಕೆಯಷ್ಟು. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ಕೊರಳಿಗೆ ನಳಿಗೆ ಹಾಕಿ, ರಬ್ಬರು ಚೀಲವನ್ನು ಕೈಯಿಂದ ಒತ್ತಿ ಉಸಿರು ತುಂಬಲಾಯಿತು. ಹಗಲಿರುಳು ಸರದಿಯಂತೆ ಚೀಲ ಒತ್ತಿದವರು ಸುಮಾರು 1500 ಮಂದಿ ವಿದ್ಯಾರ್ಥಿಗಳು. ಸಾವಿನ ಪ್ರಮಾಣ ಬಹಳ ಇಳಿಯಿತು.

ಇನ್ನು ಮಾತಿನ ವಿಷಯ. ಧ್ವನಿತಂತುಗಳು ರಂಧ್ರಕ್ಕಿಂತ ಮೇಲಿರುವುದರಿಂದ ಗಾಳಿ ಅವನ್ನು ಮುಟ್ಟುವುದೇ ಇಲ್ಲ. ಮಾತು ಬರಲೆಂದು ನಾವಾಗಿ ನಳಿಗೆಯನ್ನು ಬೆರಳಿನಿಂದ ಮುಚ್ಚಬಾರದು. ಕೆಲವು ನಳಿಗೆಗಳಲ್ಲಿ ಅದರಿಂದ ಉಸಿರೇ ನಿಲ್ಲುತ್ತದೆ. ನಾವು ಮಾವನವರಿಗೆ ಸ್ಲೇಟು ಬಳಪ ಕೊಟ್ಟೆವು. ಬಂದ ನೆಂಟರೆಲ್ಲ, ಕಿವುಡರೊಡನೆ ಮಾತಾಡುವಂತೆ, ಅವರ ಮುಖದ ಬಳಿ ಬಾಗಿ ಕಿರಿಚುತ್ತಿದ್ದರು. ಎರಡು ದಿನ ಸಹಿಸಿದ ಅವರು ಮೂರನೆಯ ದಿನ ಸ್ಲೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಎದೆಯ ಮೇಲಿಟ್ಟುಕೊಂಡರು: “ಕಿವಿ ಚೆನ್ನಾಗಿದೆ.”