ಮುಂದೋಡುವ ಗಡಿಯಾರ, ಹಿಂದುಳಿಯುವ ಗಡಿಯಾರ

ಬ್ಯಾಟರಿಯಿಲ್ಲದೆ, ಕಟ್ಟಿಕೊಂಡವರ ಕೈಯ ಚಲನೆಯಿಂದಲೇ ಕೀಲಿ ಪಡೆಯುವ ಯಾಂತ್ರಿಕ ಕೈಗಡಿಯಾರವನ್ನು ಆಟೊಮ್ಯಾಟಿಕ್ ಎಂದು ಕರೆಯಲಾಗುತ್ತದೆ. ಅದರೊಳಗೆ ರೋಟರ್ ಎಂಬ ಅರ್ಧವೃತ್ತಾಕಾರದ ಭಾರವಾದ ತಟ್ಟೆಯೊಂದು ಕೈ ಆಡಿದಂತೆಲ್ಲ ತಿರುಗುತ್ತ, ಹಲ್ಲುಚಕ್ರಗಳ ಮೂಲಕ ಮುಖ್ಯ ಸ್ಪ್ರಿಂಗನ್ನು ಸುತ್ತಿ ಬಿಗಿಗೊಳಿಸುತ್ತದೆ. ಪೂರ್ತಿ ಬಿಗಿದ ಮೇಲೆ ಸ್ಪ್ರಿಂಗಿನ ಹೊರತುದಿ ಅದನ್ನು ಹುದುಗಿಸಿದ ಡಬ್ಬಿಯ ಒಳಗೋಡೆಗುಂಟ ಜಾರುವುದರಿಂದ, ಕೀಲಿ ಹೆಚ್ಚಾಗಿ ಕೆಡುವ ಭಯ ಇಲ್ಲಿಲ್ಲ.

ಸ್ಪ್ರಿಂಗಿನ ಬಲವನ್ನು ಕಾಲವನ್ನಾಗಿ ಅಳೆದು ಬಿಡುವ ಕೆಲಸ ಬ್ಯಾಲೆನ್ಸ್ ಚಕ್ರದ್ದು. ಕೂದಲೆಳೆಯಷ್ಟು ತೆಳುವಾದ ಹೇರ್‌ಸ್ಪ್ರಿಂಗ್ ಎಂಬ ಸುರುಳಿಯ ಹಿಡಿತದಲ್ಲಿ ಅದು ಅತ್ತಿತ್ತ ತೂಗುತ್ತದೆ. 1996ರಲ್ಲಿ ಬಂದ, ಸೈಕೊ 5 ಗಡಿಯಾರಗಳಲ್ಲಿ ಬಳಕೆಯಾದ 7ಎಸ್26 ಯಂತ್ರದಲ್ಲಿ ಈ ಬಡಿತ ಗಂಟೆಗೆ 21,600, ಅಂದರೆ ಸೆಕೆಂಡಿಗೆ ಆರು. ದಿನಕ್ಕೆ ಹತ್ತು ಸೆಕೆಂಡು ತಪ್ಪಿದರೂ ಅದು 8,640ರಲ್ಲಿ ಒಂದು ಪಾಲಿನ ತಪ್ಪಷ್ಟೆ. ಕ್ವಾರ್ಟ್ಜ್ ಗಡಿಯಾರಕ್ಕೆ ಒಗ್ಗಿದವರು ದೋಷವೆಂದು ದೂರುವುದು ಎಷ್ಟೋ ಸಲ ದೋಷವೇ ಆಗಿರುವುದಿಲ್ಲ.

ನಿಜವಾದ ದೋಷದ ಸುಳಿವು ತಪ್ಪಿನ ದಿಕ್ಕಿನಲ್ಲಿರುತ್ತದೆ. ನಿನ್ನೆಯವರೆಗೆ ಸರಿಯಿದ್ದ ಗಡಿಯಾರ ಒಮ್ಮೆಲೇ ದಿನಕ್ಕೆ ಹಲವು ನಿಮಿಷ ಮುಂದೋಡತೊಡಗಿದರೆ ಮೊದಲು ಶಂಕಿಸಬೇಕಾದುದು ಕಾಂತತ್ವವನ್ನು: ಸ್ಪೀಕರ್, ಮೊಬೈಲ್ ಕವಚದ ಅಯಸ್ಕಾಂತ ಮುಂತಾದವುಗಳ ಸಹವಾಸದಿಂದ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಇದರಿಂದ ಸುರುಳಿಯ ದುಡಿಯುವ ಉದ್ದ ಕುಗ್ಗಿ ಚಕ್ರದ ತೂಗಾಟ ಚುರುಕಾಗುತ್ತದೆ. ಗಡಿಯಾರವನ್ನು ದಿಕ್ಸೂಚಿಯ ಹತ್ತಿರ ತಂದಾಗ ಅದರ ಮುಳ್ಳು ಗಮನಾರ್ಹವಾಗಿ ಕದಲಿದರೆ ಶಂಕೆ ಬಲಗೊಳ್ಳುತ್ತದೆ, ರಿಪೇರಿಯವರ ಬಳಿ ಇರುವ ಡಿಮ್ಯಾಗ್ನೆಟೈಸರ್ ಆ ಕಾಂತತ್ವವನ್ನು ಕೆಲವೇ ಕ್ಷಣಗಳಲ್ಲಿ ನಿವಾರಿಸುತ್ತದೆ. ಇಷ್ಟಕ್ಕೇ ಯಂತ್ರವನ್ನೆಲ್ಲ ಬಿಚ್ಚಿಸುವುದು ವೃಥಾ ಖರ್ಚು.

ತಿಂಗಳುಗಟ್ಟಲೆ ನಿಧಾನವಾಗಿ ಹಿಂದುಳಿಯುತ್ತ ಬಂದ ಗಡಿಯಾರದ ಕಥೆ ಬೇರೆ. ಮಾಣಿಕ್ಯದ ಬೇರಿಂಗುಗಳಲ್ಲಿನ ಎಣ್ಣೆ ಒಣಗಿ ಅಂಟಾದಾಗ ಘರ್ಷಣೆ ಹೆಚ್ಚಿ, ಬ್ಯಾಲೆನ್ಸ್ ಚಕ್ರ ತೂಗುವ ಕೋನ ಕಿರಿದಾಗುತ್ತದೆ. ಆಗ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿಸುವುದೊಂದೇ ದಾರಿ. ಒಳಗಿನ ತಿದ್ದುಕೋಲನ್ನು ಸರಿಸಿ ವೇಗ ಹೆಚ್ಚಿಸುವುದು ರೋಗವನ್ನು ಮುಚ್ಚಿಟ್ಟಂತೆ, ಏಕೆಂದರೆ ಒಣ ಬೇರಿಂಗುಗಳಲ್ಲಿ ಚಕ್ರದ ಅಚ್ಚುಗಳು ಅಷ್ಟರಲ್ಲಿ ಸವೆಯುತ್ತಲೇ ಇರುತ್ತವೆ.

ಎದ್ದಾಗ ನಿಂತಿರುವ ಗಡಿಯಾರ ಸಾಮಾನ್ಯವಾಗಿ ಹಸಿದಿರುತ್ತದೆ, ಅಷ್ಟೆ. ಪೂರ್ತಿ ಕೀಲಿ ಸುಮಾರು ನಲವತ್ತು ಗಂಟೆ ಬಾಳುವುದಾದರೂ ದಿನವಿಡೀ ಮೇಜಿನ ಮುಂದೆ ಕುಳಿತವರ ಕೈ ಅಷ್ಟನ್ನು ತುಂಬಲಾರದು. ಅನೇಕ ಯಂತ್ರಗಳಿಗೆ ತಿರುಪಿನಿಂದಲೂ ಕೀಲಿ ಕೊಡಬಹುದು. 7ಎಸ್26ಕ್ಕೆ ಆ ಅನುಕೂಲವಿಲ್ಲದ್ದರಿಂದ ಗಡಿಯಾರವನ್ನು ಮೆಲ್ಲಗೆ ಅಲುಗಿಸಿಯೇ ಚಾಲನೆ ಕೊಡಬೇಕು.

ಬೆಂಗಳೂರಿನಲ್ಲಿ 1961ರಲ್ಲಿ ಸಿಟಿಜನ್ ಸಹಯೋಗದಿಂದ ಆರಂಭವಾದ ಎಚ್‌ಎಂಟಿ ಕಾರ್ಖಾನೆಯ ಪರಂಪರೆಗೆ ಸೇರಿದ ಕಾಂಚನ್‌ನಂಥ ಹಳೆಯ ಆಟೊಮ್ಯಾಟಿಕ್‌ಗಳು ಇಂದಿಗೂ ಅನೇಕ ಮನೆಗಳಲ್ಲಿವೆ. ಅಂಥವುಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖನ್ನು ಕೈಯಿಂದ ಬದಲಿಸದಿರುವುದು ಕ್ಷೇಮ, ಏಕೆಂದರೆ ಆ ಹೊತ್ತಿನಲ್ಲಿ ತಾರೀಖು ತಿರುಗಿಸುವ ಹಲ್ಲು ಫಲಕಕ್ಕೆ ಸಿಕ್ಕಿಕೊಂಡಿರುತ್ತದೆ, ಬಲವಂತ ಮಾಡಿದರೆ ಮುರಿಯುತ್ತದೆ. ರಬ್ಬರ್ ಮುದ್ರೆಗಳು ಗಡುಸಾದ ಹಳೆಯ ಗಡಿಯಾರದ ಗಾಜಿನ ಒಳಗೆ ಮಳೆಗಾಲದಲ್ಲಿ ಮಂಜು ಕಂಡರೆ, ಅದು ತಾನಾಗಿ ಆರಲೆಂದು ಕಾಯದೆ ಅಂದೇ ತೆರೆಸಬೇಕು. ಉಕ್ಕಿನ ಪುಟ್ಟ ಭಾಗಗಳಿಗೆ ತುಕ್ಕು ಹಿಡಿಯಲು ಬಹಳ ದಿನ ಬೇಕಿಲ್ಲ.